ಬೆಂಡು ಹಿಡಿದು ಕಯಾಕ್ ರೋಲ್ ಕಲಿಯೋದು ಮಕ್ಕಳಾಟ ಅಲ್ಲ

ಮಾನ್ಯ ಸಂಪಾದಕರೆ, ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕರಾವಳಿಯ ಕಯಾಕಿಂಗ್ ಬಗ್ಗೆ, ಅಂದರೆ ಕಯಾಕ್ ಅನ್ನುವ ಕಿರಿದಾದ ಸಣ್ಣ ದೋಣಿ ಓಡಿಸೋದರ ಬಗ್ಗೆ, ಬಂದ ಲೇಖನ ಓದಿದೆ. ಸಾಲಿಗ್ರಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಫೋಟೋಗಳು ತುಂಬಾ ಚೆನ್ನಾಗಿದ್ದವು. ಆದರೆ ಲೇಖನದ ಕೊನೆಗೆ ಕಯಾಕ್ ರೋಲ್ ಬಗ್ಗೆ, ಅಂದರೆ ಮಗುಚಿದ ಕಯಾಕನ್ನು ಒಳಗೆ ಕೂತುಕೊಂಡೇ ಮತ್ತೆ ನೆಟ್ಟಗೆ ಮಾಡುವ ವಿದ್ಯೆ ಬಗ್ಗೆ, ಎರಡು ಮಾತು ಬರೆದಿದ್ದೀರಿ. ಒಂದು, ಅದು ಸಾಹಸಿಗಳ ಸರ್ಕಸ್ಸು ಅಂತ. ಇನ್ನೊಂದು, ಫ್ಲೋಟ್, ಅಂದರೆ ನೀರಲ್ಲಿ ತೇಲುವ ಬೆಂಡು, ಹಿಡಿದು ಅಭ್ಯಾಸ ಮಾಡೋದು ಮಕ್ಕಳಾಟ, ನಿಜವಾದ ಕಯಾಕರ್‌ಗಳಿಗೆ ಅದು ಬೇಕಾಗಿಲ್ಲ ಅಂತ. ಎರಡೂ ತಪ್ಪು. ಮೊದಲನೆಯದನ್ನು ಹೇಗೋ ಬಿಟ್ಟುಬಿಡಬಹುದು. ಎರಡನೆಯದನ್ನು ಓದಿ ಯಾರಾದರೂ ಹುಡುಗರು ಫ್ಲೋಟ್ ಪಕ್ಕಕ್ಕೆ ಎಸೆದು ನೇರವಾಗಿ ಹುಟ್ಟು ಹಿಡಿದು ಮಗುಚಿಕೊಂಡರೆ ಭುಜದ ಕೀಲು ತಪ್ಪಿಸಿಕೊಳ್ಳುವ ಅಪಾಯ ಇದೆ. ಅದಕ್ಕೇ ಈ ಪತ್ರ. ಉದ್ದ ಆಗಿದೆ, ದಯವಿಟ್ಟು ಕತ್ತರಿ ಹಾಕದೆ ಪ್ರಕಟಿಸಿ.

ನಾನು ಕುಂದಾಪುರದ ಕಡೆಯವಳು. ಈಗ ಇರೋದು ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜಸತ್ತೆಗೆ ಸೇರಿದ, ತನ್ನದೇ ಸರ್ಕಾರ ಇರುವ ನಾಡು. ಹಾಗಾಗಿ ಇಲ್ಲಿನ ಕಯಾಕ್ ಕ್ಲಬ್‌ಗಳಲ್ಲಿ ಗ್ರೀನ್‌ಲ್ಯಾಂಡ್ ಪದ್ಧತಿ ಗೊತ್ತಿರುವವರು ಸಿಗುತ್ತಾರೆ. ಚಳಿಗಾಲದಲ್ಲಿ ಸಮುದ್ರಕ್ಕೆ ಇಳಿಯೋದು ಕಷ್ಟ, ಆಗ ಕ್ಲಬ್‌ನವರು ಸಂಜೆ ಹೊತ್ತು ಈಜುಕೊಳದಲ್ಲಿ ಅಭ್ಯಾಸ ನಡೆಸುತ್ತಾರೆ. ನಾನು ರೋಲ್ ಕಲಿತದ್ದು ಅಲ್ಲೇ, ಗ್ರೀನ್‌ಲ್ಯಾಂಡ್ ಮೂಲದ ಒಬ್ಬ ಹಿರಿಯರ ಹತ್ತಿರ. ಮೊದಲ ದಿನಗಳಲ್ಲಿ ಅವರು ನಮ್ಮ ಕೈಗೆ ಹುಟ್ಟನ್ನೇ ಕೊಡಲಿಲ್ಲ. ಕೊಟ್ಟದ್ದು ಗಾಳಿ ತುಂಬಿದ ಒಂದು ಫ್ಲೋಟ್. ಅದು ಅವರ ಸ್ವಂತ ಐಡಿಯಾ ಅಲ್ಲ, ಅವರ ಅಜ್ಜಂದಿರ ಕಾಲದಿಂದ ಬಂದ ಕ್ರಮ.

ಸರ್ಕಸ್ಸು ಅಂದಿರಲ್ಲ, ಮೊದಲು ಅದನ್ನೇ ನೋಡೋಣ. ಕಯಾಕ್ ಹುಟ್ಟಿದ್ದು ಬೇಟೆಗೆ. ಗ್ರೀನ್‌ಲ್ಯಾಂಡ್‌ನಲ್ಲಿ ಮರ ಬೆಳೆಯೋದು ತೀರಾ ಕಡಿಮೆ. ಸಮುದ್ರದಲ್ಲಿ ತೇಲಿ ದಡಕ್ಕೆ ಬಂದ ಮರದಿಂದ ಚೌಕಟ್ಟು ಮಾಡಿ, ಮೊಳೆ ಹೊಡೆಯದೆ ಹಗ್ಗ ಬಿಗಿದು, ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. ಆ ಚರ್ಮ ಹೊಲಿಯೋದು ಹೆಂಗಸರ ಕೆಲಸ. ಸೂಜಿ ಚರ್ಮದ ಆಚೆ ಬದಿಗೆ ತೂರದ ಹಾಗೆ, ಒಂದು ಹನಿ ನೀರು ಒಳಗೆ ಬಾರದ ಹಾಗೆ ಹೊಲಿಯುತ್ತಿದ್ದರು. ಅಳತೆಗೆ ಟೇಪು ಇಲ್ಲ, ಬೇಟೆಗಾರನ ಮೈಯೇ ಅಳತೆ. ಕಯಾಕಿನ ಉದ್ದ ಸುಮಾರು ಮೂರು ಮಾರು. ಅಗಲ ಅವನ ಸೊಂಟದ ಮೇಲೆ ಎರಡು ಮುಷ್ಟಿ. ಹುಟ್ಟಿನ ಉದ್ದ ಒಂದು ಮಾರು ಒಂದು ಮೊಳ, ಅದರ ಎಲೆಯ, ಅಂದರೆ ನೀರು ತಳ್ಳುವ ಚಪ್ಪಟೆ ಭಾಗದ, ಅಗಲ ಅಂಗೈಯಲ್ಲಿ ಹಿಡಿಯಲು ಸಿಗುವಷ್ಟು. ಊರಿನಿಂದ ಊರಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಆದರೆ ಲೆಕ್ಕ ಇದೇ. ಇನ್ನೊಬ್ಬರ ಕಯಾಕ್ ನಮಗೆ ಹೊಂದೋದಿಲ್ಲ.

ಬೇಟೆಗಾರ ತುಯಿಲಿಕ್ ಅನ್ನುವ ಚರ್ಮದ ಅಂಗಿ ಹಾಕಿಕೊಂಡು ಕೂರುತ್ತಿದ್ದ. ಅದು ಮುಖದ ಸುತ್ತ ಬಿಗಿ, ಮಣಿಕಟ್ಟಿನಲ್ಲಿ ಬಿಗಿ, ಕೆಳಗೆ ಕಯಾಕಿನ ಬಾಯಿಯ ಬಳೆಗೆ ಬಿಗಿ. ನೀರು ಒಳಗೆ ಬರೋ ಹಾಗಿಲ್ಲ. ಆ ಸಮುದ್ರದ ನೀರು ಬೇಸಿಗೆಯಲ್ಲೂ ಕೆಲವೇ ಡಿಗ್ರಿ ಇರುತ್ತದೆ. ಬಿದ್ದ ಕೂಡಲೇ ಉಸಿರು ತನ್ನಿಂದ ತಾನೇ ಎಳೆದುಕೊಂಡುಬಿಡುತ್ತದೆ, ಬಾಯಿ ನೀರೊಳಗಿದ್ದರೆ ಅಷ್ಟೇ. ಅದನ್ನು ದಾಟಿದರೂ ಕೆಲವೇ ನಿಮಿಷಗಳಲ್ಲಿ ಬೆರಳು ಮಡಚಲು ಆಗೋದಿಲ್ಲ. ಆ ಬೇಟೆಗಾರರಲ್ಲಿ ಹೆಚ್ಚಿನವರಿಗೆ ಈಜು ಬರುತ್ತಿರಲಿಲ್ಲ, ಅಂಥ ನೀರಿನಲ್ಲಿ ಈಜು ಕಲಿಯೋದಾದರೂ ಎಲ್ಲಿ? ಹಾಗಾಗಿ ಮಗುಚಿದರೆ ಹೊರಗೆ ಬರೋದು ಅಂದರೆ ಸಾವು. ಒಳಗಿದ್ದುಕೊಂಡೇ ಏಳಬೇಕು. ಇದನ್ನು ಸರ್ಕಸ್ಸು ಅನ್ನಬೇಡಿ, ದಯವಿಟ್ಟು.

ಒಂದು ರೋಲ್ ಬಂದರೆ ಸಾಕಾಗುತ್ತಿರಲಿಲ್ಲ. ಈಟಿ ತಾಗಿದ ಸೀಲ್ ಎಳೆದಾಡಿದಾಗ ಹಗ್ಗ ತೋಳಿಗೆ ಸುತ್ತಿಕೊಳ್ಳಬಹುದು. ಒಂದು ಕೈಗೆ ಏಟಾಗಿರಬಹುದು. ಹುಟ್ಟು ಡೆಕ್ ಮೇಲಿನ, ಅಂದರೆ ಕಯಾಕಿನ ಮೇಲ್ಮುಚ್ಚಿಗೆಯ ಮೇಲಿನ, ಪಟ್ಟಿಗಳಡಿ ಸಿಕ್ಕಿಕೊಂಡಿರಬಹುದು, ಅಥವಾ ಅಲೆಗೆ ಸಿಕ್ಕಿ ಕೈ ಬಿಟ್ಟೇ ಹೋಗಿರಬಹುದು. ಅದಕ್ಕೆ ಒಂದೊಂದು ಕಷ್ಟಕ್ಕೂ ಒಂದೊಂದು ರೋಲ್ ಇದೆ. ಹುಟ್ಟನ್ನು ಮೊಣಕೈ ಸಂದಿಯಲ್ಲಿ ಸಿಗಿಸಿಕೊಂಡು ಏಳೋದು, ಕತ್ತಿನ ಹಿಂದೆ ಇಟ್ಟುಕೊಂಡು ಏಳೋದು, ಬರಿಗೈಯಲ್ಲಿ ಏಳೋದು, ಮುಷ್ಟಿ ಬಿಗಿದು ಏಳೋದು, ಕೈಯಲ್ಲಿ ಭಾರದ ಕಲ್ಲು ಹಿಡಿದು ಏಳೋದು, ಎರಡೂ ತೋಳು ಎದೆಗೆ ಅಪ್ಪಿಕೊಂಡು ಏಳೋದು. ಇವತ್ತಿಗೂ ಗ್ರೀನ್‌ಲ್ಯಾಂಡ್‌ನ ರಾಷ್ಟ್ರೀಯ ಕಯಾಕ್ ಸ್ಪರ್ಧೆಯಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಬಗೆಯ ರೋಲ್‌ಗಳನ್ನು ಮಾಡಿ ತೋರಿಸಬೇಕು. ಕಷ್ಟಕ್ಕೆ ತಕ್ಕ ಹಾಗೆ ಅಂಕ.

ಈಗ ಫ್ಲೋಟ್ ವಿಷಯ. ಬೇಟೆಗಾರನ ಬೆನ್ನ ಹಿಂದೆ, ಡೆಕ್ ಮೇಲೆ, ಒಂದು ಅವತಾಕ್ ಇರುತ್ತಿತ್ತು. ಸೀಲ್‌ನ ಚರ್ಮವನ್ನು ಉದ್ದಕ್ಕೆ ಸೀಳದೆ ಇಡಿಯಾಗಿ ಬಿಡಿಸಿ, ತೂತುಗಳನ್ನೆಲ್ಲ ಕಟ್ಟಿ, ಮೂಳೆಯ ಅಥವಾ ಮರದ ಸಣ್ಣ ಕೊಳವೆಯಿಂದ ಗಾಳಿ ಊದಿ ಮಾಡಿದ ಬೆಂಡು ಅದು. ಅದರಿಂದ ಹಗ್ಗ ಈಟಿಯ ಮೊನೆಗೆ ಹೋಗುತ್ತದೆ. ಈಟಿ ತಾಗಿದ ತಕ್ಷಣ ಅವತಾಕನ್ನು ನೀರಿಗೆ ಎಸೆದರೆ ಸೀಲ್ ಆಳಕ್ಕೆ ಹೋಗಲು ಒದ್ದಾಡಿ ಸುಸ್ತಾಗುತ್ತದೆ, ಸತ್ತ ಮೇಲೆ ಮುಳುಗಿಯೂ ಹೋಗೋದಿಲ್ಲ. ಅದೇ ಅವತಾಕ್ ಮಗುಚಿದವನಿಗೂ ಆಸರೆ. ಕೈಗೆ ಸಿಕ್ಕರೆ ಅದನ್ನು ಹಿಡಿದು ಮೇಲೆ ಬರಬಹುದು. ಅಂದರೆ ಫ್ಲೋಟ್ ಅನ್ನೋದು ಹೊಸಬರಿಗೆ ಅಂತ ಈಚೆಗೆ ಯಾರೋ ಕಂಪನಿಯವರು ಕಂಡುಹಿಡಿದ ಆಟಿಕೆ ಅಲ್ಲ. ಅದು ಬೇಟೆಯ ಸಾಮಾನು, ಪಳಗಿದವರ ಬೆನ್ನ ಹಿಂದೆಯೂ ಇದ್ದದ್ದು. ಅದನ್ನು ಹಿಡಿದೇ ಕಲಿಯೋದು, ಆಮೇಲೆ ಅದಕ್ಕಿಂತ ಸಣ್ಣ ನೊರ್ಸಾಕ್, ಆಮೇಲೆ ಬರಿಗೈ. ನೊರ್ಸಾಕ್ ಅಂದರೆ ಈಟಿಗೆ ಜಾಸ್ತಿ ವೇಗ ಕೊಡಲು ಬಳಸುವ ಮರದ ಎಸೆಗೋಲು, ಒಂದೂವರೆ ಅಡಿ ಆಸುಪಾಸು ಉದ್ದ.

ನಮ್ಮಲ್ಲೂ ಹಿಂದೆ ಈಜು ಕಲಿಸೋದು ಹೀಗೇ ಅಲ್ವಾ? ಅಪ್ಪಯ್ಯ ನನ್ನ ಬೆನ್ನಿಗೆ ಬೆಂಡು ಕಟ್ಟಿ ಕೆರೆಗೆ ಇಳಿಸಿದ್ದರು. ಕೈಕಾಲು ಪಳಗುತ್ತಾ ಬಂದ ಹಾಗೆ ಒಂದೊಂದೇ ಬೆಂಡು ತೆಗೆದರು. ಅದನ್ನು ನೋಡಿ ಯಾರೂ ನಗಲಿಲ್ಲ.

ಆದರೆ ಫ್ಲೋಟ್ ಹಿಡಿದು ಏನು ಮಾಡಬೇಕು ಅನ್ನೋದೇ ಮುಖ್ಯ, ತುಂಬಾ ಜನ ಅಲ್ಲೇ ತಪ್ಪುತ್ತಾರೆ. ಫ್ಲೋಟನ್ನು ಒತ್ತಿ ಮೇಲೆ ಏಳೋದು ಅಭ್ಯಾಸ ಅಂದುಕೊಳ್ಳುತ್ತಾರೆ. ಅಲ್ಲ. ಫ್ಲೋಟ್ ಇರೋದು ಏಳೋದಕ್ಕಲ್ಲ, ಮಲಗೋದಕ್ಕೆ. ಈ ಒಂದು ಮಾತು ತಲೆಗೆ ಹೋದರೆ ಅರ್ಧ ರೋಲ್ ಬಂದ ಹಾಗೆಯೇ.

ಬಲಗಡೆಗೆ ಅಂತ ಇಟ್ಟುಕೊಳ್ಳಿ. ಎದೆಮಟ್ಟದ ನೀರು, ಪಕ್ಕದಲ್ಲಿ ಗೊತ್ತಿರುವವರು ಒಬ್ಬರು ನಿಂತಿರಬೇಕು. ಕಯಾಕಿನಲ್ಲಿ ಕೂತು, ಫ್ಲೋಟನ್ನು ಎರಡೂ ಕೈಯಲ್ಲಿ ಎದೆ ಹತ್ತಿರ ಹಿಡಿದು, ನಿಧಾನಕ್ಕೆ ಬಲಕ್ಕೆ ವಾಲಬೇಕು. ಬರೀ ವಾಲಿದರೆ ಮುಖ ನೀರಿಗೆ ಹೋಗುತ್ತದೆ. ವಾಲುತ್ತಾ ಸೊಂಟದಿಂದ ಮೇಲಿನ ಮೈಯನ್ನು ಆಕಾಶದ ಕಡೆ ತಿರುಗಿಸಬೇಕು, ಎರಡೂ ಭುಜ ನೀರಿಗೆ ಚಪ್ಪಟೆಯಾಗಿ ತಾಗುವ ತನಕ. ಬೆನ್ನು ಸ್ವಲ್ಪ ಕಮಾನು. ಕಿವಿ ನೀರೊಳಗೆ, ಮೂಗು ಬಾಯಿ ಹೊರಗೆ. ಕಯಾಕ್ ಅಡ್ಡಕ್ಕೆ ತಿರುಗಿ ತನ್ನ ಅಂಚಿನ ಮೇಲೆ ನಿಂತಿರುತ್ತದೆ. ಅಲ್ಲೇ ಇರಬೇಕು. ಸುಮ್ನೆ ಇರಬೇಕು. ಉಸಿರಾಡುತ್ತಾ, ಮೇಲೆ ನೋಡುತ್ತಾ.

ಇಲ್ಲಿ ಒಂದು ವಿಷಯ ಗೊತ್ತಾಗುತ್ತದೆ. ಮನುಷ್ಯನ ಮೈ ನೀರಿನಲ್ಲಿ ಹೆಚ್ಚುಕಡಿಮೆ ತಾನಾಗಿಯೇ ತೇಲುತ್ತದೆ. ಭುಜ ಚಪ್ಪಟೆ ಇಟ್ಟು ಶ್ವಾಸ ತುಂಬಿಕೊಂಡರೆ ಫ್ಲೋಟ್ ಮೇಲೆ ಭಾರವೇ ಬೀಳೋದಿಲ್ಲ. ಕಣ್ಣಿಂದಲೇ ನೋಡಿ ತಿಳಿಯಬಹುದು. ಫ್ಲೋಟ್ ಪೂರ್ತಿ ಮೇಲೆ ಕೂತಿದ್ದರೆ ನೀವು ಸರಿಯಾಗಿ ಮಲಗಿದ್ದೀರಿ. ಅರ್ಧ ಮುಳುಗಿದ್ದರೆ ಎಲ್ಲೋ ಬಿಗಿ ಹಿಡಿದಿದ್ದೀರಿ. ಹೆಚ್ಚಾಗಿ ಕತ್ತು. ನೀರಿನ ಭಯಕ್ಕೆ ತಲೆ ಎತ್ತಿಕೊಳ್ಳೋದು ಮನುಷ್ಯನ ಸ್ವಭಾವ. ತಲೆ 4.5ರಿಂದ 5 ಕಿಲೋ ಇರುತ್ತದೆ. ನೀರಲ್ಲಿದ್ದಾಗ ಆ ಭಾರವನ್ನು ನೀರೇ ಹೊರುತ್ತದೆ, ಮೇಲೆ ಎತ್ತಿದ ಕ್ಷಣ ಪೂರ್ತಿ ಕೈ ಮೇಲೆ ಬರುತ್ತದೆ. ನಮ್ಮ ಹಿರಿಯರು ಏನೂ ಹೇಳುತ್ತಿರಲಿಲ್ಲ, ಹಣೆ ಮೇಲೆ ಒಂದು ಬೆರಳಿಟ್ಟು ಮೆಲ್ಲಗೆ ಒತ್ತುತ್ತಿದ್ದರು. ತಲೆ ನೀರಿಗೆ ಹೋಗುತ್ತಿದ್ದ ಹಾಗೆ ಫ್ಲೋಟ್ ಮೇಲೆ ಬರುತ್ತಿತ್ತು. ಅದಕ್ಕಿಂತ ಒಳ್ಳೆ ಪಾಠ ನಾನು ನೋಡಿಲ್ಲ.

ಮಲಗೋದು ಬಂದ ಮೇಲೆ ಕಾಲಿನ ಕೆಲಸ. ಬಲಗಡೆ ಮಲಗಿದ್ದೀರಲ್ಲ, ಆ ಬಲ ಮಂಡಿಯನ್ನು ಡೆಕ್‌ನ ಒಳಬದಿಗೆ ಒತ್ತಿ ಮೇಲಕ್ಕೆ ಎತ್ತಬೇಕು. ಕಯಾಕ್ ತಿರುಗಿ ನಿಮ್ಮ ಕೆಳಗೆ ಬರುತ್ತದೆ. ಮೈ ನೀರಲ್ಲೇ ಇರಲಿ. ಮಂಡಿ ಸಡಿಲ ಬಿಡಿ, ಕಯಾಕ್ ಮತ್ತೆ ಅಡ್ಡ ಆಗುತ್ತದೆ. ಮತ್ತೆ ಎತ್ತಿ. ಇದನ್ನು ಎಷ್ಟು ಸಲ ಮಾಡಿದರೂ ಜಾಸ್ತಿ ಅಲ್ಲ. ಕಯಾಕ್ ಪೂರ್ತಿ ನೆಟ್ಟಗಾದ ಮೇಲೆ ಮೈಯನ್ನು ಹಿಂದಿನ ಡೆಕ್ ಮೇಲೆ ಜಾರಿಸಿಕೊಂಡು ಬರಬೇಕು. ಬೆನ್ನು ಡೆಕ್‌ಗೆ ತಾಗಿಕೊಂಡೇ ಇರಬೇಕು, ತಲೆ ಎಲ್ಲಕ್ಕಿಂತ ಕೊನೆಗೆ. ಗ್ರೀನ್‌ಲ್ಯಾಂಡ್ ಕಯಾಕಿನ ಹಿಂದಿನ ಡೆಕ್ ತೀರಾ ತಗ್ಗು ಇರೋದರಿಂದ ಹೀಗೆ ಮಲಗಲು ಆಗುತ್ತದೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಕಯಾಕ್‌ಗಳಲ್ಲಿ ಸೀಟಿನ ಬೆನ್ನು ಎತ್ತರ ಇರುತ್ತದೆ, ಅದು ಸೊಂಟಕ್ಕೆ ಒತ್ತುತ್ತದೆ. ಅಭ್ಯಾಸದ ದಿನ ಅದನ್ನು ಬಿಚ್ಚಿಡೋದು ಒಳ್ಳೆಯದು.

ಇದೆಲ್ಲ ಬಂದ ಮೇಲೇ ಪೂರ್ತಿ ಮಗುಚೋದು. ಎಡಕ್ಕೆ ಬಿದ್ದು, ಕೆಳಗಿಂದ ಸುತ್ತಿ, ಬಲಕ್ಕೆ ಬಂದು, ಆಗಲೇ ಪಳಗಿದ ಆ ಜಾಗದಲ್ಲಿ ಮಲಗಿ, ಏಳೋದು. ತಲೆಕೆಳಗಾದಾಗ ಯಾವುದು ಮೇಲೆ ಯಾವುದು ಕೆಳಗೆ ಅಂತ ತಿಳಿಯೋದಿಲ್ಲ, ಮೂಗಿಗೆ ನೀರು ನುಗ್ಗುತ್ತದೆ. ಮೂಗಿಗೆ ಕ್ಲಿಪ್, ಕಣ್ಣಿಗೆ ಈಜುಗನ್ನಡಕ ಹಾಕಿಕೊಂಡರೆ ಅರ್ಧ ಗಾಬರಿ ಹೋಗುತ್ತದೆ. ಕೈಯಲ್ಲಿ ಫ್ಲೋಟ್ ಇದ್ದರೆ ಇನ್ನೊಂದು ಅನುಕೂಲ ಇದೆ. ಅದು ತಾನಾಗಿ ಮೇಲಕ್ಕೆ ಎಳೆಯುತ್ತದೆ. ಯಾವ ಕಡೆಗೆ ಹೋಗಬೇಕು ಅಂತ ಯೋಚಿಸೋದೇ ಬೇಡ, ಅದು ಹೋದ ಕಡೆ ಹೋದರೆ ಸಾಕು.

ಹುಟ್ಟು ಹಿಡಿದು ಕಲಿಯುವವರಿಗೆ ಬೇರೆ ಥರದ ಫ್ಲೋಟ್ ಇದೆ. ಹುಟ್ಟಿನ ಎಲೆಗೆ ಚೀಲ ತೊಡಿಸಿ ಬಾಯಿಂದ ಊದೋದು. ಪ್ಯಾಡಲ್ ಫ್ಲೋಟ್ ಅಂತಾರೆ. ಮೂಲತಃ ಅದು ಸಮುದ್ರದಲ್ಲಿ ಕಯಾಕಿನಿಂದ ಹೊರಗೆ ಬಿದ್ದವರು ಮತ್ತೆ ಹತ್ತಿಕೊಳ್ಳಲು ಇರುವ ಸಾಮಾನು. ಹುಟ್ಟನ್ನು ಕಯಾಕಿಗೆ ಅಡ್ಡ ಇಟ್ಟರೆ ಚೀಲ ಆಚೆ ಕಡೆ ಆಧಾರ ಕೊಡುತ್ತದೆ, ಕಯಾಕ್ ಹೊರಳೋದಿಲ್ಲ. ಅದೇ ಚೀಲದಿಂದ ರೋಲ್ ಅಭ್ಯಾಸವನ್ನೂ ಮಾಡಬಹುದು. ಎಲೆ ಮುಳುಗೋದಿಲ್ಲ, ಹಾಗಾಗಿ ಅವಸರ ಇಲ್ಲ. ಒಂದು ರೋಲನ್ನು ಬೇಕಾದಷ್ಟು ನಿಧಾನಕ್ಕೆ ಮಾಡಬಹುದು. ನಿಧಾನಕ್ಕೆ ಮಾಡಿದರೇ ಎಲ್ಲಿ ತಪ್ಪುತ್ತಿದೆ ಅಂತ ಕಾಣೋದು.

ಫ್ಲೋಟ್ ಬೇಡ ಅನ್ನುವವರ ಮಾತಲ್ಲಿ ಒಂದಿಷ್ಟು ನಿಜವೂ ಇದೆ, ಅದನ್ನು ಮುಚ್ಚಿಡೋದಿಲ್ಲ. ದೊಡ್ಡ ಫ್ಲೋಟ್ ತಪ್ಪನ್ನು ಮುಚ್ಚಿಹಾಕುತ್ತದೆ. ತೋಳಲ್ಲಿ ಕಸುವಿದ್ದವರು ಅದಕ್ಕೆ ಜೋತುಬಿದ್ದು, ತಲೆ ಮೊದಲು ಎತ್ತಿ, ಹೇಗೋ ಎದ್ದುಬಿಡುತ್ತಾರೆ. ಬಂತು ಅಂದುಕೊಳ್ಳುತ್ತಾರೆ. ಫ್ಲೋಟ್ ತೆಗೆದ ದಿನ ಏನೂ ಬರೋದಿಲ್ಲ. ಅದಕ್ಕೆ ಉಪಾಯ ಫ್ಲೋಟ್ ಬಿಡೋದಲ್ಲ, ಗಾಳಿ ಇಳಿಸುತ್ತಾ ಹೋಗೋದು. ಪೂರ್ತಿ ಗಾಳಿ, ಮುಕ್ಕಾಲು, ಅರ್ಧ, ಕಾಲು, ಆಮೇಲೆ ಬರೀ ಚೀಲ. ಒಂದು ಹಂತದಲ್ಲಿ ಮೈ ಬಿಗಿಯಾದರೆ ಒಂದು ಹಂತ ಹಿಂದಕ್ಕೆ. ಅವತಾಕ್‌ನಿಂದ ನೊರ್ಸಾಕ್, ನೊರ್ಸಾಕ್‌ನಿಂದ ಅಂಗೈ ಅನ್ನುವ ಕ್ರಮದಲ್ಲೂ ಇದೇ ಲೆಕ್ಕ ಇದೆ. ಕೈಗೆ ಸಿಗುವ ಆಧಾರ ಕಡಿಮೆ ಆಗುತ್ತಾ ಹೋಗುತ್ತದೆ, ಮೈ ಮಾಡುವ ಕೆಲಸ ಅದೇ ಇರುತ್ತದೆ. ಮೂವತ್ತು ಬಗೆಯ ರೋಲ್ ಅಂದೆನಲ್ಲ, ಅವುಗಳಲ್ಲಿ ಎಷ್ಟೋ ರೋಲ್‌ಗಳ ಕೊನೆಯ ಭಾಗ ಈ ಮಲಗಿ ಜಾರಿಕೊಂಡು ಬರುವುದೇ. ಮುಂದಕ್ಕೆ ಬಾಗಿ ಏಳುವ ಬಗೆಗಳು ಬೇರೆ, ಅವು ಇನ್ನೂ ಕಷ್ಟ.

ಭುಜದ ಮಾತು ಮೊದಲೇ ಹೇಳಿದ್ದೆ. ಫ್ಲೋಟ್ ಇಲ್ಲದೆ, ಮಲಗೋದು ಗೊತ್ತಿಲ್ಲದೆ, ಹುಟ್ಟು ಹಿಡಿದು ಮಗುಚಿದವರು ಗಾಬರಿಯಲ್ಲಿ ಹುಟ್ಟಿನಿಂದ ನೀರನ್ನು ಬಲವಾಗಿ ಕೆಳಕ್ಕೆ ಹೊಡೆಯುತ್ತಾರೆ. ಎಲೆ ಆಳಕ್ಕೆ ಹೋಗುತ್ತದೆ, ತೋಳು ನೆಟ್ಟಗೆ ಚಾಚಿ ತಲೆಯ ಹಿಂದಕ್ಕೆ ಹೋಗುತ್ತದೆ, ಮೇಲಿಂದ ಮೈಭಾರ. ಕೀಲು ತಪ್ಪುವುದು ಆಗಲೇ. ಫ್ಲೋಟ್ ಹಿಡಿದವರಿಗೂ ಇದೇ ಎಚ್ಚರ ಬೇಕು. ಮೊಣಕೈ ಮಡಚಿ ಮೈಗೆ ಹತ್ತಿರ ಇರಲಿ, ಕೈ ಕಣ್ಣಿಗೆ ಕಾಣುವ ಜಾಗದಲ್ಲೇ ಇರಲಿ.

ಯುರೋಪಿನವರಿಗೆ ಈ ವಿದ್ಯೆ ಸುಲಭಕ್ಕೆ ಸಿಕ್ಕಿದ್ದಲ್ಲ. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ 1888ರಲ್ಲಿ ಗ್ರೀನ್‌ಲ್ಯಾಂಡ್‌ನ ಹಿಮದ ಹಾಸನ್ನು ದಾಟಿದ ಮೇಲೆ ಈಗಿನ ನೂಕ್ ಊರಿನಲ್ಲಿ ಚಳಿಗಾಲ ಕಳೆದು ಅಲ್ಲಿಯವರಿಂದ ಕಯಾಕ್ ಓಡಿಸೋದು ಕಲಿತರು. ಆಸ್ಟ್ರಿಯಾದ ಹಾನ್ಸ್ ಎಡ್ಡಿ ಪಾವ್ಲಾಟಾ ಅನ್ನುವವರು ಪುಸ್ತಕಗಳಲ್ಲಿದ್ದ ವರ್ಣನೆ ಓದಿಯೇ 1927ರಲ್ಲಿ ಒಂದು ಸರೋವರದಲ್ಲಿ ರೋಲ್ ಸಾಧಿಸಿದರು. ಇವತ್ತಿಗೂ ಹುಟ್ಟಿನ ತುದಿ ಹಿಡಿದು ಮಾಡುವ ರೋಲ್‌ಗೆ ಅವರದೇ ಹೆಸರಿದೆ. ಬ್ರಿಟನ್ನಿನ ಜಿನೋ ವಾಟ್ಕಿನ್ಸ್ 1930-31ರ ತಮ್ಮ ಪೂರ್ವ ಗ್ರೀನ್‌ಲ್ಯಾಂಡ್ ಯಾತ್ರೆಯಲ್ಲಿ ಬೇಟೆಗಾರರಿಂದಲೇ ಕಲಿತರು, ಚೆನ್ನಾಗಿಯೇ ಕಲಿತರು. ಆದರೆ 1932ರ ಆಗಸ್ಟ್‌ನಲ್ಲಿ ಒಬ್ಬರೇ ಕಯಾಕಿನಲ್ಲಿ ಸೀಲ್ ಬೇಟೆಗೆ ಹೋದವರು ವಾಪಸ್ ಬರಲಿಲ್ಲ. ಕಯಾಕ್ ಸಿಕ್ಕಿತು, ಅವರು ಸಿಗಲಿಲ್ಲ. ಆಗ ಅವರಿಗೆ 25 ವರ್ಷ. ರೋಲ್ ಬರುತ್ತದೆ ಅಂತ ಒಬ್ಬರೇ ಹೋಗಬಾರದು ಅನ್ನಲು ನಮ್ಮ ಕ್ಲಬ್‌ನಲ್ಲಿ ಈಗಲೂ ಅವರ ವಿಷಯ ಹೇಳುತ್ತಾರೆ.

ಗ್ರೀನ್‌ಲ್ಯಾಂಡ್‌ನಲ್ಲೇ ಈ ವಿದ್ಯೆ ಹೆಚ್ಚುಕಡಿಮೆ ಕೈಬಿಟ್ಟು ಹೋಗುವುದರಲ್ಲಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಸಮುದ್ರ ಸ್ವಲ್ಪ ಬೆಚ್ಚಗಾಗಿ ಕಾಡ್ ಮೀನು ಬಂತು, ಜನ ಸೀಲ್ ಬೇಟೆಯಿಂದ ಮೀನುಗಾರಿಕೆಗೆ ಹೋದರು, ಮೋಟಾರ್ ಬೋಟ್ ಬಂತು. ಬೇಟೆಗೆ ಕಯಾಕ್ ಬೇಕಾಗದೆ ಹೋಯಿತು. ನಮ್ಮ ಕಡೆ ಪಾತಿ ದೋಣಿಗಳಿಗೆ ಎಂಜಿನ್ ಬಂದ ಹಾಗೇ ಇದು. 1980ರ ದಶಕದಲ್ಲಿ ಅಲ್ಲಿನ ಯುವಕರು ಮತ್ತೆ ಕಯಾಕ್ ಕಟ್ಟಲು ಶುರು ಮಾಡಿದರು. ಊರೂರಲ್ಲಿ ಸಂಘ ಆಯಿತು, ಎಲ್ಲ ಸೇರಿ ಕಾನ್ನಾತ್ ಕಟ್ಟುಫಿಯಾತ್ ಅನ್ನುವ ಒಕ್ಕೂಟ ಆಯಿತು. ಇನ್ನೂ ಬದುಕಿದ್ದ ಹಳೆಯ ಬೇಟೆಗಾರರು ಬಂದು ರೋಲ್‌ಗಳನ್ನು ಕಲಿಸಿದರು. ಅವರಲ್ಲಿ ಮನಾಸೆ ಮಥೀಯುಸೆನ್ ಅವರ ಹೆಸರು ದೊಡ್ಡದು. ಈಗಿನ ಪೀಳಿಗೆಯಲ್ಲಿ ಮಾಲಿಗಿಯಾಕ್ ಪಡಿಯಾ ಇದ್ದಾರೆ. ಅಜ್ಜನಿಂದ ಕಲಿತು, 1998ರಲ್ಲಿ ಹದಿನಾರನೆಯ ವಯಸ್ಸಿಗೇ ರಾಷ್ಟ್ರೀಯ ಚಾಂಪಿಯನ್ ಆದವರು. ಆ ಸ್ಪರ್ಧೆಯಲ್ಲಿ ಇನ್ನೊಂದು ವಿಭಾಗ ಇದೆ, ಅದನ್ನು ನೋಡಿದರೆ ನಿಮಗೂ ಇಷ್ಟ ಆಗುತ್ತದೆ. ನೆಲದ ಮೇಲೆ ಎರಡು ಹಗ್ಗ ಬಿಗಿದು ಕಟ್ಟಿ, ಅದರ ಮೇಲೆ ಮೈ ಸುತ್ತಿಸಿ ಉರುಳೋದು. ಸಮುದ್ರ ಹೆಪ್ಪುಗಟ್ಟಿದ ತಿಂಗಳುಗಳಲ್ಲಿ ರೋಲ್‌ಗೆ ಬೇಕಾದ ಮೈ ಪಳಗಿಸಿಕೊಳ್ಳಲು ಮಾಡುತ್ತಿದ್ದ ವ್ಯಾಯಾಮ ಅದು. ನೀರೇ ಇಲ್ಲದೆ ರೋಲ್ ಅಭ್ಯಾಸ ಮಾಡಿದ ಜನ ಅವರು, ಫ್ಲೋಟ್ ಹಿಡಿಯೋದಕ್ಕೆ ನಾಚಿಕೊಂಡಾರೆಯೇ?

ಇನ್ನು ನಮ್ಮ ಕರಾವಳಿ. ನಿಮ್ಮ ಲೇಖನದಲ್ಲಿದ್ದ ಕಯಾಕ್‌ಗಳು ಮೇಲೆ ಕೂರುವ ತೆರೆದ ಪ್ಲಾಸ್ಟಿಕ್ ಕಯಾಕ್‌ಗಳು. ಅವುಗಳಲ್ಲಿ ರೋಲ್ ಪ್ರಶ್ನೆಯೇ ಬರೋದಿಲ್ಲ. ಮಗುಚಿದರೆ ನೀರಿಗೆ ಬೀಳುತ್ತೀರಿ, ಲೈಫ್ ಜಾಕೆಟ್ ತೇಲಿಸುತ್ತದೆ, ಕಯಾಕನ್ನು ತಿರುಗಿಸಿ ಮತ್ತೆ ಹತ್ತುತ್ತೀರಿ. ಹಿನ್ನೀರಲ್ಲಿ ಒಂದು ಸಂಜೆ ಸುತ್ತಿ ಬರುವವರಿಗೆ ಅಷ್ಟು ಸಾಕು. ಆದರೆ ಈಗ ಮುಚ್ಚಿದ ಡೆಕ್ ಇರುವ ಕಯಾಕ್ ಕೊಂಡು ಕಡಲಿಗೆ ಇಳಿಯುವ ಹುಡುಗರು, ಹುಡುಗಿಯರು ನಮ್ಮಲ್ಲೂ ಇದ್ದಾರೆ. ದಾಂಡೇಲಿಯ ಕಾಳಿ ನದಿಯ ರಭಸದ ನೀರಿನಲ್ಲೂ ಅಂಥ ಕಯಾಕ್ ಓಡಿಸುತ್ತಾರೆ. ರೋಲ್ ಬೇಕಾಗೋದು ಇವರಿಗೆ.

ಅವರಿಗೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಗ್ರೀನ್‌ಲ್ಯಾಂಡ್‌ನವರಿಗೆ ಇಲ್ಲದ ಒಂದು ದೊಡ್ಡ ಅನುಕೂಲ ನಮಗಿದೆ, ಬೆಚ್ಚಗಿನ ನೀರು. ನಮ್ಮ ಕಡಲು 28 ಡಿಗ್ರಿ ಆಸುಪಾಸು ಇರುತ್ತದೆ. ಇಲ್ಲಿ ಡೆನ್ಮಾರ್ಕ್‌ನಲ್ಲಿ ಬೇಸಿಗೆಯಲ್ಲೂ ದಪ್ಪ ರಬ್ಬರ್ ಬಟ್ಟೆ ಹಾಕಿಕೊಂಡು ಇಳಿದು, ಸ್ವಲ್ಪ ಹೊತ್ತಿಗೇ ಚಳಿ ಹಿಡಿದು ದಡಕ್ಕೆ ಬರಬೇಕು. ಅಲ್ಲಿ ಗಂಟೆಗಟ್ಟಲೆ ನೀರಲ್ಲಿ ಮಲಗಿರಬಹುದು. ಫ್ಲೋಟ್ ಅಭ್ಯಾಸಕ್ಕೆ ಬೇಕಾದದ್ದೇ ಅದು, ಸಮಯ ಮತ್ತು ನಿಧಾನ. ಮಳೆಗಾಲ ಕಳೆದ ಮೇಲೆ, ಹಿನ್ನೀರಿನಲ್ಲಿ, ಇಳಿತದ ಸೆಳೆತ ಇಲ್ಲದ ಹೊತ್ತು ನೋಡಿ, ಮರಳಿನ ತಳ ಇರುವ ಕಡೆ, ಎದೆಮಟ್ಟದ ನೀರಿನಲ್ಲಿ ಮಾಡಬಹುದು. ಅಳಿವೆ ಬಾಯಿ ಹತ್ತಿರ ಬೇಡವೇ ಬೇಡ. ಕಲ್ಲು, ಚಿಪ್ಪು ಇರುವ ಕಡೆಯೂ ಬೇಡ, ತಲೆ ಕೆಳಗೆ ಹೋಗುತ್ತದೆ ಅನ್ನೋದು ನೆನಪಿರಲಿ. ದಾಂಡೇಲಿ ಕಡೆ ಕಾಳಿ ನದಿಯಲ್ಲಿ ಮೊಸಳೆಗಳಿವೆ, ಅಲ್ಲಿನ ನಿಂತ ನೀರಲ್ಲಿ ಇಂಥ ಅಭ್ಯಾಸಕ್ಕೆ ಇಳಿಯಲೇಬಾರದು. ಎಲ್ಲಕ್ಕಿಂತ ಮೊದಲು, ಕಾಕ್‌ಪಿಟ್, ಅಂದರೆ ಕೂರುವ ಬಾಯಿ, ಮುಚ್ಚುವ ಸ್ಕರ್ಟಿನ ಕುಣಿಕೆ ಎಳೆದು ಕಯಾಕಿನಿಂದ ಹೊರಗೆ ಬರೋದು ಕಣ್ಣು ಮುಚ್ಚಿಕೊಂಡೂ ಬರಬೇಕು. ಅದು ಬಾರದವರಿಗೆ ರೋಲ್ ಹೇಳಿಕೊಡೋದು ತಪ್ಪು.

ಫ್ಲೋಟ್ ಎಲ್ಲಿಂದ ತರೋದು, ದುಬಾರಿ ಅಲ್ವಾ ಅನ್ನುವವರಿಗೆ ಒಂದು ದಾರಿ ಇದೆ. ಹಿಡಿಕೆ ಇರುವ 5 ಲೀಟರ್ ಎಣ್ಣೆ ಕ್ಯಾನ್ ಚೆನ್ನಾಗಿ ತೊಳೆದು, ಮುಚ್ಚಳ ಬಿಗಿ ಮಾಡಿ ತನ್ನಿ. ಅದು ಸುಮಾರು 5 ಕಿಲೋ ಭಾರ ಹೊರುತ್ತದೆ, ಅಂದರೆ ನಿಮ್ಮ ತಲೆಯ ಭಾರದಷ್ಟು. ಅದರಲ್ಲಿ ಮಲಗೋದು ಬಂದ ಮೇಲೆ ಅರ್ಧ ನೀರು ತುಂಬಿಸಿ, ಎರಡೂವರೆ ಕಿಲೋಗೆ ಇಳಿಯುತ್ತದೆ. ಮುಕ್ಕಾಲು ತುಂಬಿಸಿದರೆ ಇನ್ನೂ ಕಡಿಮೆ. ಆಮೇಲೆ ಈಜುಕೊಳದಲ್ಲಿ ಮಕ್ಕಳು ಹಿಡಿಯುವ ಹಲಗೆ, ಆಮೇಲೆ ಒಂದು ಮರದ ತುಂಡು. ಬಲೆಗೆ ಕಟ್ಟುವ ಬೆಂಡುಗಳನ್ನು ಪೋಣಿಸಿಕೊಂಡರೂ ಆಗುತ್ತದೆ, ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಕೇಳಿದರೆ ಸಿಗುತ್ತವೆ. ಥರ್ಮಕೋಲ್ ಮಾತ್ರ ಬೇಡ, ಪುಡಿಪುಡಿಯಾಗಿ ಹೊಳೆಗೆ ಸೇರುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡೇ ಮಾಡಿ. ಗ್ರೀನ್‌ಲ್ಯಾಂಡ್‌ನ ಸ್ಪರ್ಧೆಯಲ್ಲಿ ತುಯಿಲಿಕ್ ಮಾತ್ರ ಇರುತ್ತದೆ, ಜಾಕೆಟ್ ಇರೋದಿಲ್ಲ, ಅದನ್ನು ವಿಡಿಯೋದಲ್ಲಿ ನೋಡಿ ನಮ್ಮ ಕರಾವಳಿಯಲ್ಲಿ ಅನುಸರಿಸೋದು ಬೇಡ.

ಸಂಪಾದಕರೆ, ನನ್ನ ಕೋರಿಕೆ ಎರಡೇ. ಫ್ಲೋಟ್ ಮಕ್ಕಳಾಟ ಅನ್ನುವ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಮತ್ತೆ, ಮಳೆಗಾಲ ಮುಗಿದು ಕಯಾಕ್ ಕೇಂದ್ರಗಳು ಬಾಗಿಲು ತೆರೆಯುವ ಮೊದಲು ನಿಮ್ಮ ವರದಿಗಾರರನ್ನು ಒಮ್ಮೆ ಕಳಿಸಿ. ಎಷ್ಟು ಕಯಾಕ್ ಇದೆ, ಟಿಕೆಟ್ ಎಷ್ಟು ಅಂತ ಕೇಳೋದರ ಜೊತೆಗೆ, ಮುಚ್ಚಿದ ಡೆಕ್‌ನ ಕಯಾಕ್ ಬಾಡಿಗೆಗೆ ಕೊಡುವವರನ್ನು ಇಷ್ಟು ಕೇಳಲಿ: ಮಗುಚಿದಾಗ ಹೊರಗೆ ಬರೋದನ್ನು ನೀವು ಕಲಿಸುತ್ತೀರಾ, ಕಲಿಸಿದ ಮೇಲೇ ಕಯಾಕ್ ಕೊಡುತ್ತೀರಾ, ರೋಲ್ ಕಲಿಯಲು ಬಂದವರಿಗೆ ಕೈಗೆ ಮೊದಲು ಏನು ಕೊಡುತ್ತೀರಿ? ಉತ್ತರಗಳನ್ನು ಹಾಗೇ ಅಚ್ಚು ಹಾಕಿ. ಮಲಗುವ, ಮಂಡಿ ಎತ್ತುವ, ಜಾರಿಕೊಂಡು ಬರುವ ಹಂತಗಳ ಚಿತ್ರ ಬೇಕಿದ್ದರೆ ನಾನು ಬರೆದು ಕಳಿಸುತ್ತೇನೆ, ಸಂಭಾವನೆ ಏನೂ ಬೇಡ.

ಇತಿ,
ನಿಮ್ಮ ಕಾಯಂ ಓದುಗಳು,
ಕುಂದಾಪುರ, ಸದ್ಯ ಆರ್ಹುಸ್, ಡೆನ್ಮಾರ್ಕ್